ಮೇಷ್ಟ್ರ ಬೆನ್ನ ಹಿಂದಿನ ಹಾಡು

ಹಾರ್ಮೋನಿಯಂ ನುಡಿಸುವವನ ಮೇಲೆ ಮೇಷ್ಟ್ರಿಗಿರುವ ಸಿಟ್ಟು ಇಂದಿಗೂ ಆರಿಲ್ಲ. ಅವನು ಅವತ್ತು ನಗಬಾರದಿತ್ತು. ನಗಲೇಬೇಕಾಗಿದ್ದರೆ ಬಾಯಿಗೆ ಟವೆಲು ಒತ್ತಿಕೊಂಡು ನಗಬಹುದಿತ್ತು. ಕೆಮ್ಮು ಬಂದವನ ಹಾಗೆ ಆಚೆ ಹೋಗಿ ನಗಬಹುದಿತ್ತು. ಅದೆಲ್ಲ ಬಿಟ್ಟು, ತಂಡದವರೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದಾಗ ತಿದಿ ಒತ್ತುವುದನ್ನೂ ಮರೆತು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಎಷ್ಟೋ ನಾಟಕಗಳು ಬಂದುಹೋದವು. ಇಬ್ಬರೂ ಈಗಲೂ ಒಂದೇ ಚಹಾ ಅಂಗಡಿಯಲ್ಲಿ ಕೂರುತ್ತಾರೆ. ಆ ನಗು ನೆನಪಾದರೆ ಮಾತ್ರ ಮೇಷ್ಟ್ರ ಲೋಟ ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಳಿಯುತ್ತದೆ.

ಮೇಷ್ಟ್ರು ಅಂದರೆ ಶಾಲೆ ಮೇಷ್ಟ್ರಲ್ಲ. ಶಾಲೆಗೂ ಅವರಿಗೂ ನಾಲ್ಕನೇ ತರಗತಿಯಲ್ಲೇ ಋಣ ಹರಿದಿತ್ತು. ಹಗಲೆಲ್ಲ ಕಬ್ಬಿಣದ ಗೇಟು, ಕಿಟಕಿ ಸರಳು ಬೆಸೆಯುವ ಕೆಲಸ. ಸಂಜೆಯಾದರೆ ದಿನಸಿ ಅಂಗಡಿಯ ಮಹಡಿಯಲ್ಲಿ ಹಾಡಿನ ನಾಟಕ ಕಲಿಸುವ ಕೆಲಸ. ನಾಟಕದ ಮನೆ, ಸೇತುವೆ, ಸಿಂಹಾಸನ ಎಲ್ಲವನ್ನೂ ಅವರು ಕಬ್ಬಿಣದಲ್ಲೇ ಮಾಡುತ್ತಿದ್ದರು. ನಟರು ಮಾತು ಮರೆತು ಬಿದ್ದರೂ ಮೇಷ್ಟ್ರ ಅರಮನೆ ಬೀಳುವುದಿಲ್ಲ ಎಂದು ತಂಡದವರು ಆಡಿಕೊಳ್ಳುತ್ತಿದ್ದರು. ಆ ಅರಮನೆಯನ್ನು ಮಹಡಿಗೆ ಹೊತ್ತು ಸೊಂಟ ಉಳುಕಿಸಿಕೊಂಡವರೂ ಅವರೇ.

ಅಲ್ಲಿ ಯಾರಿಗೂ ನಾಟಕ ಹೊಟ್ಟೆಪಾಡಲ್ಲ. ಎಲ್ಲರೂ ತಂತಮ್ಮ ಕೆಲಸ ಮುಗಿಸಿ, ಮಿಕ್ಕ ಜೀವವನ್ನು ಹೊತ್ತುಕೊಂಡು ಮೆಟ್ಟಿಲು ಹತ್ತುವವರು. ಹತ್ತದೆ ಇರುವವರೇ ಹೆಚ್ಚು. ಕೈಗೆ ಅಂಟಿದ ಮಸಿ ಒರೆಸುತ್ತ ಫೋನಿನಲ್ಲಿ ಒಬ್ಬೊಬ್ಬರನ್ನೇ ಕರೆಯುವಷ್ಟರಲ್ಲಿ ಮೇಷ್ಟ್ರಿಗೆ ಅರ್ಧ ಸುಸ್ತಾಗುತ್ತಿತ್ತು.

"ಬಂದ್ಬಿಟ್ಟೆ ಮೇಷ್ಟ್ರೇ, ದಾರೀಲಿದೀನಿ," ಎನ್ನುತ್ತಿದ್ದ ನಾಯಕನ ಪಾತ್ರದ ಔಷಧಿ ಅಂಗಡಿಯವನು.

"ನಿನ್ನ ದಾರೀಲಿ ಕುಕ್ಕರ್ ಯಾಕಯ್ಯಾ ಕೂಗ್ತಿದೆ?"

"ಅದಾ... ಅದು ಬಸ್ಸಿನ ಹಾರನ್ನು."

"ಸರಿ, ಆ ಬಸ್ಸಲ್ಲಿ ಬೇಳೆ ಬೆಂದ ಮೇಲೆ ಇಳ್ಕೊಂಡು ಬಾ."

ಹೀಗೆ ಬಾರದವರ ಜಾಗ ತುಂಬುತ್ತಿದ್ದವಳು ಅಕ್ಕ. ಮೇಷ್ಟ್ರ ಸ್ವಂತ ಅಕ್ಕ. ಪಕ್ಕದ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಒಬ್ಬಳೇ ಇದ್ದವಳು. ನಾಟಕದ ಬಟ್ಟೆಯೆಲ್ಲ ಅವಳದೇ ಹೊಲಿಗೆ. ಮಹಡಿಯ ಮೂಲೆಯಲ್ಲಿ ಗುಂಡಿ ಹಚ್ಚುತ್ತ ಕೂತವಳನ್ನು "ಅಕ್ಕಾ, ಬದಲಿ" ಎಂದು ಮೇಷ್ಟ್ರು ಕರೆದರೆ ಸಾಕು, ಎದ್ದು ಬಂದು ಬಾರದವರ ಜಾಗದಲ್ಲಿ ನಿಲ್ಲುತ್ತಿದ್ದಳು. ಮಂತ್ರಿಯಾಗಿ ನಿಂತಳು, ಕಳ್ಳನಾಗಿ ನಿಂತಳು, ಮದುಮಗನಾಗಿಯೂ ನಿಂತಳು. ತುಟಿಯ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ ಮಾತನ್ನು ಒಂದೇ ಸಮನೆ ಗೊಣಗುತ್ತಿದ್ದಳು. ಹಾಡು ಬಂದರೆ ಮೂಗಿನಲ್ಲೇ ಗುನುಗುತ್ತಿದ್ದಳು. ಎದುರಿನವರಿಗೆ ತಮ್ಮ ಸರದಿ ಯಾವಾಗ ಎಂದು ತಿಳಿದರೆ ಬದಲಿಯ ಕೆಲಸ ಮುಗಿಯಿತು. ಪ್ರದರ್ಶನದ ದಿನ ಅವಳ ಜಾಗ ಪರದೆಯ ಹಿಂದೆ, ಸೂಜಿ ದಾರದ ಜೊತೆ.

ಇನ್ನು ಮೇಷ್ಟ್ರು ಕಲಿಸುವ ರೀತಿಯೇ ಬೇರೆ. ಅವರು ನಟರಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಬೆಸುಗೆಯ ಬೆಳಕು ಕುಡಿದು ಕುಡಿದು ಕಣ್ಣು ಕೆಟ್ಟಿದ್ದರಿಂದ ಮಹಡಿಯ ಟ್ಯೂಬ್‌ಲೈಟಿಗೆ ಮುಖ ಕೊಟ್ಟರೆ ನೀರು ಸುರಿಯುತ್ತಿತ್ತು. ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ, ಕೇಳಿಯೇ ತಿದ್ದುವುದು ಅಭ್ಯಾಸವಾಯಿತು. ಯಾರು ಮಾತನ್ನು ನುಂಗಿದರು, ಯಾರು ಹೆಜ್ಜೆ ಮುಂದೆ ಹಾಕಿದರು ಎಂದು ತಿರುಗಿ ನೋಡದೆಯೇ ಹೇಳುತ್ತಿದ್ದರು. ಹೊಸಬರು ಬೆರಗಾಗುತ್ತಿದ್ದರು. ಬರಬರುತ್ತ ಮೇಷ್ಟ್ರಿಗೂ ತಮ್ಮ ಕಿವಿಯ ಬಗ್ಗೆ ಸ್ವಲ್ಪ ಜಂಬ ಬಂದಿತ್ತು.

ಆ ವರ್ಷದ ನಾಟಕ ಒಬ್ಬ ಅಂಬಿಗನ ಮನೆಯದು. ಕೊನೆಯಲ್ಲಿ, ಗಂಡನ ದೋಣಿ ಬಾರದೆ ಹೋದಾಗ, ದಡದಲ್ಲಿ ನಿಂತ ಹೆಂಡತಿಗೆ ಒಂದು ಹಾಡು. ನಾಟಕವೆಲ್ಲ ಆ ಹಾಡಿನ ಮೇಲೆ ನಿಂತಿತ್ತು. ಹಾಡಬೇಕಾದವರು ಪ್ರಾಥಮಿಕ ಶಾಲೆಯ ಟೀಚರು. ಕಂಠ ಚೆನ್ನಾಗಿತ್ತು, ಆದರೆ ಇಡೀ ದಿನ ಮಕ್ಕಳಿಗೆ ಪಾಠ ಹೇಳಿದ ಗಂಟಲು. ಹಾಡೂ ಪಾಠದ ಹಾಗೆಯೇ ಬರುತ್ತಿತ್ತು.

"ಗಂಡ ಮುಳುಗಿದಾನೆ ಟೀಚರೇ. ನೀವು ಹಾಜರಿ ಕೂಗ್ತಿದೀರಿ," ಎಂದು ಮೇಷ್ಟ್ರು ಗೋಡೆಗೆ ಹೇಳುತ್ತಿದ್ದರು. ಹೇಳಿ ಹೇಳಿ ಅವರಿಗೇ ಸಾಕಾಗಿತ್ತು. ಪ್ರದರ್ಶನ ಹತ್ತಿರ ಬಂದಿತ್ತು. ಅವರ ಊಟ ಅರ್ಧಕ್ಕರ್ಧ ಇಳಿದಿತ್ತು.

ಆ ಸಂಜೆ ಟೀಚರು ತಡ ಮಾಡಿದರು. ಮೇಷ್ಟ್ರು ಎಂದಿನಂತೆ ಬದಲಿ ಕರೆದು ಗೋಡೆಗೆ ತಿರುಗಿದರು. ಉರಿಯುವ ಕಣ್ಣಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಕೂತಲ್ಲೇ ತೂಕಡಿಕೆ ಹತ್ತಿತು. ಕಣ್ಣು ಬಿಡುವಷ್ಟರಲ್ಲಿ ಬೆನ್ನ ಹಿಂದೆ ಹಾಡು ಶುರುವಾಗಿತ್ತು. ಗಟ್ಟಿ ದನಿಯಲ್ಲ, ಸಣ್ಣದೂ ಅಲ್ಲ. ಎರಡನೇ ಸಾಲಿಗೆ ಮುಂಚೆ ದನಿ ನಿಂತಿತು. ಮರೆತುಹೋಯಿತೇನೋ ಎನ್ನುವಷ್ಟು ನಿಂತು, ಒಂದು ಉಸಿರು ಎಳೆದುಕೊಂಡು ಮುಂದೆ ಹೋಯಿತು. ಮೇಷ್ಟ್ರ ತೋಳಿನ ಮೇಲೆ ರೋಮ ಎದ್ದಿತು. ಹಾಡು ಮುಗಿದ ಮೇಲೂ ಅವರು ತಿರುಗಲಿಲ್ಲ.

"ಸಿಕ್ತು," ಎಂದರು ಗೋಡೆಗೇ. "ಟೀಚರೇ, ಇವತ್ತು ನಿಮಗೆ ಸಿಕ್ತು. ಇಷ್ಟು ವರ್ಷದಲ್ಲಿ ಈ ಮಹಡೀಲಿ ಹೀಗೆ ಯಾರೂ ಹಾಡಿರ್ಲಿಲ್ಲ. ಆ ಎರಡನೇ ಸಾಲಿನ ಉಸಿರು ಬಿಡಬೇಡಿ."

ಹಾರ್ಮೋನಿಯಂನವನು ನಕ್ಕಿದ್ದು ಆಗಲೇ.

"ತಿರುಗಿ ನೋಡಿ ಮೇಷ್ಟ್ರೇ. ಟೀಚರು ಇನ್ನೂ ಚಪ್ಪಲಿ ಬಿಡ್ತಿದಾರೆ."

ಮೇಷ್ಟ್ರು ತಿರುಗಿದರು. ಬಾಗಿಲಲ್ಲಿ ಟೀಚರು ಒಂದು ಕಾಲಿನ ಚಪ್ಪಲಿ ಬಿಟ್ಟು ನಿಂತಿದ್ದರು. ನಡುವೆ ಅಕ್ಕ. ಗುಂಡುಪಿನ್ನುಗಳು ಅವಳ ಅಂಗೈಯಲ್ಲಿದ್ದವು. ಅವಳ ಮುಖದಲ್ಲಿ ಏನೋ ಒಂದು ಅರಳುತ್ತಿತ್ತು. ನಗು ಮಹಡಿಯೆಲ್ಲ ಹಬ್ಬಿತು. ಮೇಷ್ಟ್ರ ಕಿವಿಯ ಜಂಬ ಅಲ್ಲೇ ಮಣ್ಣುಪಾಲಾಯಿತು. ಒಡಹುಟ್ಟಿದವಳ ದನಿ ಗುರುತು ಹಿಡಿಯಲಾಗದ ಕಿವಿ. ರಕ್ತ ತಲೆಗೇರಿತು. ಎದುರಿಗೆ ಸಿಕ್ಕವಳು ಅಕ್ಕ.

"ಹಾಡೋಕೆ ಯಾರು ಹೇಳಿದ್ದು ನಿಂಗೆ? ಬದಲಿ ಅಂದ್ರೆ ಸುಮ್ನೆ ನಿಂತ್ಕೊಳೋದು. ಅಷ್ಟೂ ಗೊತ್ತಾಗಲ್ವಾ?"

ಅಕ್ಕ ಪಿನ್ನುಗಳನ್ನು ಒಂದೊಂದಾಗಿ ತುಟಿಗೆ ಕಚ್ಚಿಕೊಂಡು ಮೂಲೆಗೆ ಹೋಗಿ ಕೂತಳು.

ಟೀಚರು ಒಳ್ಳೆಯವರು. "ಮೇಷ್ಟ್ರೇ, ಆ ಹಾಡು ಅಕ್ಕನೇ ಹಾಡ್ಲಿ. ನಂಗೂ ಭಾರ ಇಳಿಯತ್ತೆ," ಎಂದರು.

"ನನ್ನ ನಾಟಕದಲ್ಲಿ ಯಾರು ಹಾಡ್ಬೇಕು ಅಂತ ನಾನು ಹೇಳ್ತೀನಿ. ಮೊದಲಿಂದ ನಡೀಲಿ," ಎಂದರು ಮೇಷ್ಟ್ರು. ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡರೆ ನಾಳೆಯಿಂದ ಈ ಜನ ತಮ್ಮನ್ನು ಲೆಕ್ಕಕ್ಕಿಡುವುದಿಲ್ಲ ಎಂಬುದು ಅವರ ಹೆದರಿಕೆ.

ಮರುದಿನ ಬೆಳಿಗ್ಗೆ ಮೇಷ್ಟ್ರು ಅಂಬಿಗನ ಅಂಗಿ ಒಯ್ಯುವ ನೆಪದಲ್ಲಿ ಅಕ್ಕನ ಮನೆಗೆ ಹೋದರು. ಅವಳು ಯಂತ್ರ ನಿಲ್ಲಿಸದೆಯೇ ಕೇಳಿದಳು.

"ಏನಪ್ಪಾ, ಬೈಗುಳ ಏನಾದ್ರೂ ಬಾಕಿ ಉಳೀತಾ?"

"ಅಂಗಿ ಕೊಡು. ನಿಂಗೆ ಪಾರ್ಟು ಬೇಕಿದ್ರೆ ಬಾಯ್ಬಿಟ್ಟು ಕೇಳು, ಮುಂದಿನ ವರ್ಷ ನೋಡೋಣ."

"ಪಾರ್ಟು ಯಾರಿಗೆ ಬೇಕೋ, ಈ ಮಂಡಿ ಇಟ್ಕೊಂಡು." ಈಗ ಯಂತ್ರ ನಿಂತಿತು. "ನಿನ್ನೆ ಗೋಡೆಗೆ ಒಂದು ಮಾತು ಹೇಳಿದ್ಯಲ್ಲ, ಟೀಚರು ಅಂದ್ಕೊಂಡು. ಅದು ನಂದು. ಅದನ್ನ ನನ್ನ ಮುಖ ನೋಡಿ ಒಂದ್ಸಲ ಹೇಳು. ಸಾಕು."

ಮೇಷ್ಟ್ರು ಮಡಚಿಟ್ಟಿದ್ದ ಅಂಗಿ ಎತ್ತಿಕೊಂಡರು. ಜೀವಮಾನದಲ್ಲಿ ಅವರು ಯಾರನ್ನೂ ಮುಖ ನೋಡಿ ಹೊಗಳಿದವರಲ್ಲ. ಗದರುವುದಕ್ಕೆ ಮಾತು ತಾನಾಗಿ ಬರುತ್ತಿತ್ತು. ಇದಕ್ಕೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲ.

"ನಾಟಕ ಮುಗೀಲಿ ಮೊದ್ಲು," ಎಂದು ಅಂಗಿ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟರು.

ನಾಟಕ ಮುಗಿಯಿತು. ಟೀಚರು ಹಾಡಿದರು, ಥೇಟು ಅಕ್ಕನ ಹಾಗೆಯೇ. ದಿನಾ ಶಾಲೆ ಬಿಟ್ಟ ಮೇಲೆ ಅಕ್ಕನ ಮನೆಗೆ ಹೋಗಿ, ಹೊಲಿಗೆ ಯಂತ್ರದ ಪಕ್ಕ ಕೂತು ಆ ಉಸಿರನ್ನೂ ಕಲಿತಿದ್ದರಂತೆ. ಎರಡನೇ ಸಾಲಿಗೆ ಮುಂಚೆ ಸಭಾಂಗಣವೇ ಉಸಿರು ನಿಲ್ಲಿಸಿತು. ಆಮೇಲೆ ಬಂದವರು ಮೇಷ್ಟ್ರ ಕೈ ಹಿಡಿದು, "ಅದೆಂಥಾ ಜಾಗದಲ್ಲಿ ನಿಲ್ಲಿಸಿದಿರಿ ಸ್ವಾಮಿ," ಎಂದರು. ಮೇಷ್ಟ್ರು "ಏನೋ, ಹೊಳೀತು" ಎಂದು ತಲೆ ತಗ್ಗಿಸಿದರು. ಜನ ಅದನ್ನು ವಿನಯ ಎಂದುಕೊಂಡರು. ಪರದೆಯ ಹಿಂದೆ ಅಕ್ಕ ಬಟ್ಟೆ ಮಡಚುತ್ತಿದ್ದಳು. ಆ ರಾಶಿಯ ಹತ್ತಿರದವರೆಗೂ ಹೋದ ಮೇಷ್ಟ್ರು, "ಬೇಗ ಬೇಗ ಕಟ್ಟು, ಗಾಡಿ ಬಂದಿದೆ," ಎಂದು ವಾಪಸಾದರು.

ಅಕ್ಕ ಸಿಟ್ಟು ಮಾಡಲಿಲ್ಲ, ಮಾತೂ ಬಿಡಲಿಲ್ಲ. ಬಟ್ಟೆ ಹೊಲಿದುಕೊಡುತ್ತಲೇ ಇದ್ದಳು. ಮೆಟ್ಟಿಲು ಹತ್ತುವುದನ್ನು ಮಾತ್ರ ನಿಲ್ಲಿಸಿದಳು. ಯಾರಾದರೂ ಕೇಳಿದರೆ ಮಂಡಿ ತೋರಿಸುತ್ತಿದ್ದಳು. ಈಗ ಬಾರದವರ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇಡುತ್ತಾರೆ. ಅಲ್ಲಿ ಮಾತು ಬರಬೇಕಾದ ಕಡೆ ಮೇಷ್ಟ್ರೇ ಗೊಣಗುತ್ತಾರೆ. ಹಾಗೆ ಎರಡೆರಡು ಕೆಲಸ ಮಾಡಿ ಮನೆಗೆ ಬಂದರೆ ಬೂಟು ಬಿಚ್ಚುವುದಕ್ಕೂ ತ್ರಾಣ ಇರುವುದಿಲ್ಲ.

ಹೇಳಿಬಿಡಬೇಕು ಎಂದು ಅವರಿಗೆ ಅನ್ನಿಸದೆ ಇಲ್ಲ. ಎಷ್ಟೋ ಸಲ ಅಕ್ಕನ ಹೊಸ್ತಿಲವರೆಗೆ ಹೋಗಿ ಯಾವುದೋ ಅಂಗಿಯ ಅಳತೆ ಹೇಳಿ ಬಂದಿದ್ದಾರೆ. ಈ ನಡುವೆ ಅಕ್ಕನಿಗೆ ಕಿವಿ ಮಂದವಾಯಿತು. ಮೊದಲು ಟೀವಿಯ ಸದ್ದು ಏರಿತು. ಆಮೇಲೆ ಬಾಗಿಲು ಬಡಿದರೂ ಕೇಳಿಸದಾಯಿತು. ಈಗ ಅವಳಿಗೆ ಒಂದು ಮಾತು ಮುಟ್ಟಿಸಬೇಕೆಂದರೆ ಬೀದಿಗೆಲ್ಲ ಕೇಳುವ ಹಾಗೆ ಕೂಗಬೇಕು.

ಹೋದ ವಾರ ಮೇಷ್ಟ್ರು ಹೋಗಿ ಅವಳ ಎದುರಿಗೇ ಸ್ಟೂಲು ಎಳೆದುಕೊಂಡು ಕೂತರು. ಬಾಯಿಯೊಳಗೇ ಏನೋ ಅಂದರು. ಎದುರು ಮನೆಯವರು ಜಗುಲಿಯಲ್ಲಿ ಬಟ್ಟೆ ಒಣಹಾಕುತ್ತಿದ್ದರು.

"ಏನಂದ್ಯೋ? ಕೇಳಿಸ್ಲಿಲ್ಲ. ಗಟ್ಟಿಯಾಗಿ ಹೇಳು," ಎಂದಳು ಅಕ್ಕ, ಕಿವಿಯನ್ನು ಮುಂದಕ್ಕೆ ತಂದು.

ಮೇಷ್ಟ್ರು ಎದುರು ಮನೆಯ ಕಡೆ ಒಮ್ಮೆ ನೋಡಿದರು.

"ಸೇನಾಪತಿ ಪಾರ್ಟಿನ ಅಂಗಿ ತೋಳು ಬಿಗಿ ಆಗಿದೆ ಅಂದೆ," ಎಂದು ಕೂಗಿದರು. "ಒಂದು ಬೆರಳು ಬಿಡು."