ಎಬಿಎಸ್ ಇಲ್ಲದ ಬೈಕೂ, ಬಾಯಿ ತಪ್ಪಿ ಬಂದ ಹೆಸರೂ

ಗೆಳತಿಯರೇ, ಇವತ್ತು ಇಚಲಕರಂಜಿಯ ನಮ್ಮ ಗಲ್ಲಿಯಲ್ಲಿ ನನ್ನವರು ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ ಬೈಕ್ ಓಡಿಸಿ ನೋಡಿದರು, ಹಿಂದೆ ನಾನು! ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಅದಕ್ಕಿಲ್ಲ. ನನಗೆ ಎಬಿಎಸ್ ಬೇಕೇ ಬೇಕು.

"ಬ್ರೇಕ್ ನನ್ನ ಬೆರಳಾಗ ಐತಿ, ಎಬಿಎಸ್ ಯಾಕ ಬೇಕ?" ಅಂದರು.

ಅಷ್ಟರಲ್ಲಿ ಒಂದು ಆಡು ಅಡ್ಡ ಬಂತು. ಬ್ರೇಕ್ ಒತ್ತಿದ್ದೇ ತಡ, ಒದ್ದೆ ರಸ್ತೆಯಲ್ಲಿ ಬೈಕ್ ಸರ್ರನೆ ಜಾರಿತು.

"ಸನ್ಮತೀ!" ಎಂದು ಇವರ ಹೆಸರನ್ನೇ ಗಲ್ಲಿಗೆಲ್ಲ ಕೇಳುವಂತೆ ಚೀರಿದೆ.

ನಾವು ಬೀಳಲಿಲ್ಲ, ಆಡೂ ಬದುಕಿತು. ಆದರೆ ನಮ್ಮಲ್ಲಿ ಹೊಸ ಸೊಸೆ ಪ್ರಾಸ ಕಟ್ಟಿದ ಒಡಪಿನಲ್ಲಿ ಮಾತ್ರ ಗಂಡನ ಹೆಸರು ಹೇಳಬೇಕು, ಬಾಗಿಲಲ್ಲೇ ಅತ್ತೆ ನಿಂತಿದ್ದರು! ನಾನು ತಲೆ ತಗ್ಗಿಸಿದೆ.

ಅತ್ತೆ ಮಗನತ್ತ ತಿರುಗಿದರು: "ಒಡಪ ಹೇಳಾಕೂ ಪುರುಸೊತ್ತ ಕೊಡದ ಗಾಡಿ ನಮಗ ಬ್ಯಾಡಪಾ. ಎಬಿಎಸ್ ಇದ್ದದ್ದ ತಗೋ."