ಆರನೇ ತರಗತಿಯ ಕೋಣೆಯಲ್ಲಿ ಸನ್ಮಾನ

ಸರ್ಕಾರಿ ಶಾಲೆಗಳ ಕಟ್ಟಡಕ್ಕೆ ಕೊಟ್ಟ ಅನುದಾನ ಹೇಗೆ ಖರ್ಚಾಗಿದೆ ಎಂದು ನೋಡಲು ಶಾಸಕರ ಸಮಿತಿಯೊಂದು ಅಮ್ಮನ ಶಾಲೆಗೆ ಬರುವುದಿತ್ತು. ಕುಮಾರಸ್ವಾಮಿ ಲೇಔಟ್‌ನ ಆಚೆ ಬದಿಯ ಆ ಶಾಲೆಗೆ ಅಮ್ಮ ಮುಖ್ಯೋಪಾಧ್ಯಾಯಿನಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದವಳೆಂದು ಕಾರ್ಯಕ್ರಮದ ನಿರೂಪಣೆಯನ್ನು ನನ್ನ ತಲೆಗೆ ಕಟ್ಟಿದ್ದರು.

ಹೊಸದಾಗಿ ಕಟ್ಟಿದ ಆರನೇ ತರಗತಿಯ ಕೋಣೆಯ ಸೂರಿನಿಂದ ಗಾರೆ ಹಕ್ಕಳೆಹಕ್ಕಳೆಯಾಗಿ ಬೀಳುತ್ತಿತ್ತು. ಒಳಗಿನ ಕಬ್ಬಿಣದ ಸರಳು ಕಾಣುತ್ತಿತ್ತು. ಬೇರೆ ಕೋಣೆಯಿಲ್ಲದೆ ಅಮ್ಮ ಮಕ್ಕಳನ್ನು ಕಿಟಕಿಯ ಕಡೆಗೆ ಒತ್ತೊತ್ತಾಗಿ ಕೂರಿಸುತ್ತಿದ್ದಳು. ಸಮಿತಿ ಬರುವ ಸುದ್ದಿ ಸಿಕ್ಕಿದ್ದೇ ಕಂಟ್ರಾಕ್ಟರ್ ಹೊಸ ಗಾರೆ ಮೆತ್ತಿಸಿ ಸುಣ್ಣ ಹೊಡೆಸಿದ. ಸಮಿತಿ ಒಪ್ಪಿ ಹೋದರೆ ಕೆಲಸ ಮುಗಿದಂತೆ. ಆಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ. ಮಕ್ಕಳು ಅದರಡಿಯಲ್ಲೇ.

ಹಿಂದಿನ ಸಂಜೆ ಅಡುಗೆಮನೆಯಲ್ಲಿ ಅಮ್ಮನ ಜೊತೆ ಜಗಳಕ್ಕೆ ನಿಂತೆ.

"ಮೈಕ್ ನನ್ನ ಕೈಲಿರುತ್ತಲ್ಲ, ಹೇಳ್ಬಿಡ್ತೀನಿ."

"ಹೇಳು. ಎಂಜಿನಿಯರ್ ಗಟ್ಟಿಯಾಗಿದೆ ಅಂತಾರೆ, ನಾನು ಸುಳ್ಳಿ ಆಗ್ತೀನಿ. ನಂಗೆ ಟ್ರಾನ್ಸ್‌ಫರ್ ಆದ್ರೆ ದಿನಾ ಆನೇಕಲ್ ಬಸ್ಸು ನೀನು ಹತ್ತೀಯಾ?"

"ಬರೋರೂ ಏನೂ ನೋಡಲ್ಲಮ್ಮ. ಪೇಟ ತೊಡಿಸ್ತೀರ, ಶಾಲು ಹೊದಿಸ್ತೀರ, ಕೇಸರಿಬಾತ್ ತಿನ್ನಿಸ್ತೀರ. ಸನ್ಮಾನ ಮಾಡಿಸ್ಕೊಂಡೋರು ತಪಾಸಣೆ ಮಾಡ್ತಾರಾ?"

"ಸನ್ಮಾನ ಬಿಡೋಕಾಗುತ್ತಾ? ಮೇಲಿನೋರು ಸುಮ್ನಿರ್ತಾರಾ?"

"ಹಂಗಾದ್ರೆ ಆ ಕೋಣೇಲೇ ಮಾಡಿ. ಗಟ್ಟಿಯಾಗಿದೆ ಅಂತಾರಲ್ಲ, ಅವ್ರ ಮಾತನ್ನೇ ಒಪ್ಕೊಳ್ಳಿ."

ವಾದಕ್ಕಾಗಿ ಹೇಳಿದ್ದು. ಅಮ್ಮ ಹುರುಳಿಕಾಯಿ ಹೆಚ್ಚುತ್ತಲೇ ಇದ್ದಳು.

ಮರುದಿನ ಹೋಗಿ ನೋಡಿದರೆ ಅಂಗಳದ ಶಾಮಿಯಾನ ಖಾಲಿ. ಕುರ್ಚಿಗಳೆಲ್ಲ ಆ ಕೋಣೆಯಲ್ಲಿ, ಗಾರೆ ಮೆತ್ತಿದ ಜಾಗದ ನೇರ ಕೆಳಗೆ. ಅಷ್ಟರಲ್ಲಿ ಕಾರುಗಳು ಗೇಟಿಗೆ ಬಂದವು. ಕಟ್ಟಡ ಸರಿಯಿದೆಯೆಂದು ಸಹಿ ಹಾಕಿದ್ದ ಎಂಜಿನಿಯರ್ ಒಳಗೆ ಇಣುಕಿದವರೇ ಅಮ್ಮನ ಕಡೆ ತಿರುಗಿದರು.

"ಮೇಡಂ, ಇಲ್ಲಿ ಬೇಡ. ಹೊರಗೆ ಹಾಕ್ಸಿ."

"ಹೊರಗೆ ಬಿಸಿಲಲ್ವಾ ಸಾರ್?"

"ಹೇಳಿದಷ್ಟು ಮಾಡಿ."

ತಾವೇ ಎರಡು ಕುರ್ಚಿ ಎತ್ತಿಕೊಂಡು ಬಾಗಿಲಿಗೆ ಬಂದರು. ಎದುರಿಗೆ ಸಮಿತಿಯ ಅಧ್ಯಕ್ಷರು. ನಾನು ಮೈಕನ್ನು ಬಾಯಿಯ ಹತ್ತಿರಕ್ಕೆ ತಂದೆ. ಅಮ್ಮ ನನ್ನತ್ತ ನೋಡಿ, ಬೇಡವೆಂದು ಸಣ್ಣಗೆ ತಲೆಯಾಡಿಸಿದಳು.

"ಏನ್ರೀ, ಎಂಜಿನಿಯರ್ ಆಗಿ ಕುರ್ಚಿ ಹೊರ್ತಿದ್ದೀರಿ?" ಅಧ್ಯಕ್ಷರು ನಕ್ಕರು.

"ಒಳಗೆ ಸೆಕೆ ಸಾರ್."

"ಫ್ಯಾನ್ ತಿರುಗ್ತಿದೆಯಲ್ರೀ."

ಫ್ಯಾನ್ ನೋಡಲು ಅಧ್ಯಕ್ಷರು ಎತ್ತಿದ ಕತ್ತು ಅಲ್ಲೇ ನಿಂತಿತು. ಫ್ಯಾನಿನ ಸುತ್ತ ಹೊಸ ಗಾರೆ ಆಗಲೇ ಬಿಟ್ಟುಕೊಂಡು ಸಣ್ಣಗೆ ಉದುರುತ್ತಿತ್ತು.

"ಇಲ್ಲಿ ಯಾರು ಕೂರ್ತಾರೆ?"

"ಆರನೇ ಕ್ಲಾಸ್ ಮಕ್ಕಳು ಸಾರ್, ದಿನಾ," ಎಂದಳು ಅಮ್ಮ.

ಅವರು ಹೊಸ್ತಿಲು ದಾಟಲಿಲ್ಲ. "ಬೀಗ ಹಾಕಿ. ವರದೀಲಿ ಬರ್ಯೋಣ."

ಶಾಮಿಯಾನದಲ್ಲಿ ಪೇಟ ತೊಡಿಸಿದ್ದಾಯಿತು, ಕೇಸರಿಬಾತೂ ಆಯಿತು. ಹೊರಡುವಾಗ ಎಂಜಿನಿಯರ್ ಅಮ್ಮನ ಹತ್ತಿರ ನಿಂತರು.

"ನಿಮ್ಮ ಮಗಳು ಚೆನ್ನಾಗಿ ಮಾತಾಡ್ತಾಳೆ ಮೇಡಂ."

"ಸ್ವಾಗತ ಬಿಟ್ರೆ ಏನೂ ಮಾತಾಡ್ಲಿಲ್ವಲ್ಲ ಸಾರ್."

ವರದಿ ಸದನದ ಮುಂದೆ ಬರುತ್ತದೆಂದು, ಬಂದರೂ ಯಾರಾದರೂ ಓದುತ್ತಾರೆಂದು ನನಗೆ ನಂಬಿಕೆಯಿಲ್ಲ. ಅದಕ್ಕಿಂತ ಮೊದಲು ಅಮ್ಮನ ವರ್ಗಾವಣೆ ಬರಬಹುದು. ಸದ್ಯಕ್ಕೆ ಆರನೆಯ ಮತ್ತು ಏಳನೆಯ ತರಗತಿಗಳು ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತವೆ. ಆ ಗದ್ದಲದ ಮೇಲೆ ಪಾಠ ಹೇಳಿ ಹೇಳಿ ಅಮ್ಮನ ಗಂಟಲು ಕಟ್ಟಿದೆ.