ಮಗ್ಗ ನಿಂತಾಗ ಕೇಳಿದ್ದು

ರಿಪೇರಿಗೆ ಬಂದ ಯಾವ ಆಂಪ್ಲಿಫೈಯರಿಗೂ ಕರೆಂಟು ಕೊಡುವ ಮೊದಲು ವಿರೂಪಣ್ಣ ಒಳಮನೆಯ ಕಡೆ ಕತ್ತು ಹೊರಳಿಸಿ ಒಂದು ಕೂಗು ಹಾಕುತ್ತಿದ್ದರು: "ಏ ನೀಲಾ, ಮಗ್ಗ ಬಿಡು!" ಒಳಗೆ ಸೀರೆ ನೇಯುತ್ತಿದ್ದ ಹೆಂಡತಿ ನೀಲವ್ವ ಕೈ ನಿಲ್ಲಿಸುತ್ತಿದ್ದರು. ಇಡೀ ದಿನ ಟಕಟಕ ಎನ್ನುವ ಆ ಮನೆ ಒಮ್ಮೆಲೇ ಸುಮ್ಮನಾಗುತ್ತಿತ್ತು. ಆಗ ವಿರೂಪಣ್ಣ ಕಣ್ಣು ಅರೆಮುಚ್ಚಿ ಮಶೀನಿನ ಮುಂದೆ ಬಾಗಿ ಕೂರುತ್ತಿದ್ದರು. ಇಳಕಲ್ಲಿನಲ್ಲಿ ಅವರ ಕಿವಿಗೆ ದೊಡ್ಡ ಹೆಸರಿತ್ತು.

ನಾನು ಹುನಗುಂದದ ಕೋರ್ಟಿನಲ್ಲಿ ಗುಮಾಸ್ತ. ಎಲ್ಲರೂ ಮೊಬೈಲಿನಲ್ಲಿ ಹಾಡು ಕೇಳುವ ಈ ಕಾಲದಲ್ಲಿ ನನಗೆ ಹಳೆಯ ರೆಕಾರ್ಡುಗಳ ಹುಚ್ಚು. ಕುಳಗೇರಿ ಕ್ರಾಸಿನಲ್ಲಿ ಲೌಡ್‌ಸ್ಪೀಕರ್ ಬಾಡಿಗೆಗೆ ಕೊಡುತ್ತಿದ್ದವರೊಬ್ಬರು ಅಂಗಡಿ ಮುಚ್ಚುವಾಗ, ಮರದ ಪೆಟ್ಟಿಗೆಯ ಹಳೇ ಪ್ರೀ-ಆಂಪ್ ಒಂದನ್ನು ಕೊಂಡೆ. ಅದಕ್ಕೆ ಜೋಡಿಯಾಗಲೆಂದು ಬಾಗಲಕೋಟೆಯಿಂದ ಹೊಸ ಪವರ್ ಆಂಪ್ ತಂದೆ. ಎರಡನ್ನೂ ಸೇರಿಸಿದರೆ ಹಾಡಿಗಿಂತ ಗುಂಯ್ ಎನ್ನುವ ಸದ್ದೇ ಜಾಸ್ತಿ. ಒಂದನ್ನು ತೊಡೆಯ ಮೇಲೆ, ಇನ್ನೊಂದನ್ನು ಕಾಲ ಬಳಿ ಇಟ್ಟುಕೊಂಡು ಇಳಕಲ್ಲಿಗೆ ಬಸ್ಸಿನಲ್ಲಿ ಹೋದೆ.

ವಿರೂಪಣ್ಣ ನೋಡಿ ನಕ್ಕರು. "ರಾಯರ, ಪ್ರೀ ಅಂದ್ರ ಮಾತು ತಿದ್ದಿ ಕೊಡಾಕಿ, ಪವರ್ ಅಂದ್ರ ಅದನ್ನ ಊರಿಗೆಲ್ಲ ಒದರಾಂವ. ಗಂಡ-ಹೆಂಡ್ತಿ ಇದ್ದಂಗ. ಇಂಥಾ ಮೆತ್ತನ್ನ ದನಿ ಮುದುಕಿಗೆ ಪೈಲ್ವಾನನ್ನ ತಂದು ಗಂಟ್ ಹಾಕೀರಲ್ಲ! ಇದಕ್ಕ ನಿಮ್ಮ ಜಾತಕ ನಡಿಯಂಗಿಲ್ರಿ, ಕಿವಿಲೇ ನೋಡಬೇಕು."

"ಈಗ ಏನ್ ಮಾಡೋದ್ರಿ?" ಎಂದೆ.

"ಜೋರ್ ಹೇಳ್ರಿ, ಈ ಮಗ್ಗದ ಸಪ್ಪಳದಾಗ ಏನೂ ಕೇಳವಲ್ದು."

ಇದೂ ಅವರ ಖಾಯಂ ಮಾತು. ಆ ಮನೆಗೆ ಹೋದವರೆಲ್ಲ ಮಗ್ಗವನ್ನು ಬೈದುಕೊಳ್ಳುತ್ತ ಒದರಿಯೇ ಮಾತಾಡುತ್ತಿದ್ದೆವು.

ನನ್ನ ಪೈಲ್ವಾನನನ್ನು ಮೂಲೆಗೆ ಸರಿಸಿ, ತಮ್ಮ ಅಟ್ಟದ ಮೇಲಿದ್ದ ಹಳೇ ಪವರ್ ಆಂಪ್ ಇಳಿಸಿದರು. ನಾಲ್ಕು ರವಿವಾರ ಅದರ ಮುಂದೆ ಕೂತರು. ನಾಲ್ಕನೆಯ ರವಿವಾರ ನಾನು ಗೋಡೆಗೊರಗಿದ್ದೆ. ಮಗ್ಗ ನಿಂತಿತು. ಗುಂಯ್ ಸದ್ದು ನನಗೇ ಸ್ಪಷ್ಟವಾಗಿ ಕೇಳುತ್ತಿತ್ತು. ವಿರೂಪಣ್ಣನ ಅರೆಗಣ್ಣು ಮಾತ್ರ ಮಶೀನಿನ ಮೇಲಿರಲಿಲ್ಲ, ಒಳಬಾಗಿಲ ಮೇಲಿತ್ತು. ಅಲ್ಲಿ ನೀಲವ್ವ, ಬೆರಳಿಗೆ ರೇಷ್ಮೆ ಎಳೆ ಸುತ್ತಿಕೊಂಡೇ, ಎತ್ತಿದ ಕೈಯನ್ನು ಸಣ್ಣಗೆ ಅಲ್ಲಾಡಿಸುತ್ತಿದ್ದರು. ಇವರು ಸ್ಕ್ರೂ ತಿರುಗಿಸಿದರು. ಸದ್ದು ಇಳಿದಂತೆ ಆ ಕೈಯೂ ಇಳಿಯಿತು. ಸದ್ದು ಪೂರ್ತಿ ಅಡಗಿದಾಗ ಕೈ ಸೆರಗಿನೊಳಗೆ ಹೋಯಿತು.

"ಹೋತು ನೋಡ್ರಿ ರಾಯರ!" ಎಂದರು ವಿರೂಪಣ್ಣ, ಹೆಮ್ಮೆಯಿಂದ.

ಹೊರಟಾಗ ನೀಲವ್ವ ಕಟ್ಟೆಯ ತನಕ ಬಂದರು. "ನೀವು ನೋಡಿದ್ರಿ, ನಂಗ ಗೊತ್ತಾತು. ಲೌಡ್‌ಸ್ಪೀಕರ್ ಮುಂದ ದುಡುದು ದುಡುದು ಅವ್ರ ಎರಡೂ ಕಿವಿ ಹೋಗ್ಯಾವ್ರಿ. ಮಂದಿ ಅವ್ರ ಕಿವಿ ನಂಬಿ ಬರ್ತಾರ, ಆ ಒಂದು ಹೆಮ್ಮಿ ಮ್ಯಾಲ ಬದುಕ್ಯಾರ. ಯಾರ ಮುಂದನೂ ಆಡಬ್ಯಾಡ್ರಿ. ನಿಮಗ ಗೊತ್ತೈತಿ ಅಂತ ಅವ್ರಿಗೂ ತಿಳೀಬಾರ್ದು."

ನಾನು ಮಾತು ಕೊಟ್ಟೆ.

ಎರಡು ವರ್ಷದ ಮೇಲೆ ನೀಲವ್ವ ತೀರಿಕೊಂಡರು. ಅದಾಗಿ ಕೆಲವು ತಿಂಗಳಿಗೆ ಗುಂಯ್ ಸದ್ದು ಮರಳಿ ಬಂತು. ಎರಡೂ ಪೆಟ್ಟಿಗೆ ಹೊತ್ತುಕೊಂಡು ಮತ್ತೆ ಹೋದೆ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಇತ್ತು.

"ಆರಾಮೇನ್ರಿ?" ಎಂದೆ.

"ಜೋರ್ ಹೇಳ್ರಿ ರಾಯರ, ಈ ಮಗ್ಗದ..." ಎಂದವರು ಅಲ್ಲಿಗೇ ನಿಲ್ಲಿಸಿದರು.

ಸ್ವಿಚ್ ಹಾಕುವ ಮೊದಲು ಅವರ ಕತ್ತು ಒಳಗೆ ಹೊರಳಿತು. ಕೂಗು ಬರಲಿಲ್ಲ. ಸ್ವಿಚ್ ಹಾಕಿ, ಸ್ಕ್ರೂಡ್ರೈವರ್ ಹಿಡಿದು ಖಾಲಿ ಬಾಗಿಲನ್ನು ನೋಡುತ್ತ ಕೂತೇ ಇದ್ದರು. ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಆ ಬಾಗಿಲಲ್ಲಿ ನಿಂತು, ನೀಲವ್ವನ ಹಾಗೆ ಕೈ ಎತ್ತಿ ಅಲ್ಲಾಡಿಸಿದೆ.

ಉಪಕಾರ ಮಾಡುತ್ತಿದ್ದೇನೆಂದೇ ತಿಳಿದಿದ್ದೆ. ಅವರು ನನ್ನ ಕೈ ನೋಡಿದರು, ಆಮೇಲೆ ಮುಖ ನೋಡಿದರು. ನನ್ನ ಕೈ ಇಳಿಯುವ ತನಕ ಸ್ಕ್ರೂ ತಿರುಗಿಸಿದರು.

"ನಿಮಗ ಮೊದ್ಲಿಂದ ಗೊತ್ತಿತ್ತೇನ್ರಿ?"

"ಇಲ್ರಿ" ಎಂದೆ. ತುಟಿ, ಮುಖ ನೋಡಿಯೇ ಮಾತು ತಿಳಿಯುವವರಿಗೆ ಸುಳ್ಳು ಹೇಳುವುದು ಕಷ್ಟ; ಅವರಿಗೆ ಗೊತ್ತಾಗಿಹೋಯಿತು.

"ಹಂಗಾದ್ರ ನಿಮ್ಮಂಗ ಎಲ್ಲಾರಿಗೂ ಗೊತ್ತೈತಿ" ಎಂದರು. ಹತಾರಗಳನ್ನೆಲ್ಲ ಒಂದೊಂದಾಗಿ ಒರೆಸಿ ಡಬ್ಬಿಗೆ ಹಾಕಿ ಮುಚ್ಚಿದರು. "ಒಯ್ರಿ ರಾಯರ. ಇದ ಕಡೀದು."

ಎಲ್ಲರಿಗೂ ಗೊತ್ತಿರಲಿಲ್ಲ, ಗೊತ್ತಿದ್ದುದು ನನಗೊಬ್ಬನಿಗೇ. ಬರುವ ರವಿವಾರ ಹೋಗಿ ಇಷ್ಟನ್ನು ಚೀಟಿಯಲ್ಲಿ ಬರೆದಾದರೂ ತೋರಿಸಬೇಕೆಂದುಕೊಂಡೆ. ಮುಖ ತೋರಿಸಲು ನಾಚಿಕೆಯಾಗಿ ಹೋಗಲಿಲ್ಲ. ದೀಪಾವಳಿಗೂ ಮೊದಲೇ ಅವರು ತೀರಿಹೋದ ಸುದ್ದಿ ಬಂತು. ಆ ಡಬ್ಬಿಯನ್ನು ಮತ್ತೆ ತೆರೆಯಲೇ ಇಲ್ಲವಂತೆ.

ಆ ಜೋಡಿ ಈಗಲೂ ನನ್ನ ಮನೆಯಲ್ಲಿದೆ. ರೆಕಾರ್ಡು ಇಡುವ ಮುಂಚೆ ಸ್ಪೀಕರಿಗೆ ಕಿವಿ ಹಚ್ಚುತ್ತೇನೆ. ಒಂದು ಚೂರೂ ಗುಂಯ್ ಎನ್ನುವುದಿಲ್ಲ. ಅಂದು ಅದು ಎಷ್ಟು ಗುಂಯ್ ಎಂದರೂ, ಸದ್ದು ಹೋಯಿತೆಂದು ಹೇಳಿ ನಾನು ಕೈಕಟ್ಟಿಕೊಂಡು ಕೂತಿರಬೇಕಿತ್ತು.